ಬಳ್ಳಾರಿಗೆ ಬರ್ತಿದ್ದೇವೆ, ಬಾಡಿಗೆ ಮನೆ ಹೇಗೆ ನೋಡಬೇಕು ಹೇಳಿ

ಮಲೆನಾಡ_ಸೊಸೆ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಬಳ್ಳಾರಿಗೆ ಬರುತ್ತಿದ್ದೇವೆ. ನನಗೆ ಎಲ್ಲರೂ ಈಗಲೂ ವಿಮ್ಸ್ ಅಂತಲೇ ಕರೆಯುವ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಕೆಲಸ, ಯಜಮಾನರಿಗೆ ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟ್ ಡ್ಯೂಟಿ. ಜೊತೆಗೆ ಅತ್ತೆ ಇರುತ್ತಾರೆ. ಅವರಿಗೆ ಮಂಡಿ ನೋವು, ಮೆಟ್ಟಿಲು ಹತ್ತಲು ಆಗಲ್ಲ. ನಾವು ತೀರ್ಥಹಳ್ಳಿ ಕಡೆಯವರು. ಮಳೆ ಗೊತ್ತು, ಬಿಸಿಲು ಗೊತ್ತಿಲ್ಲ.

ಮೊಬೈಲಿನಲ್ಲೇ ಎರಡು ಮನೆ ನೋಡಿಟ್ಟಿದ್ದೇನೆ. ಒಂದು ಸಿರುಗುಪ್ಪ ರಸ್ತೆ ಕಡೆ ಹೊಸ ಅಪಾರ್ಟ್‌ಮೆಂಟ್. ನಾಲ್ಕನೇ ಮಹಡಿ, ಅದೇ ಕೊನೆಯದು. ಲಿಫ್ಟ್ ಇದೆ, ಎರಡು ಬೆಡ್‌ರೂಮು, ಬಾಡಿಗೆ 13 ಸಾವಿರ. ಬಾಲ್ಕನಿಯಲ್ಲಿ ನಿಂತರೆ ಸೂರ್ಯ ಮುಳುಗುವುದು ಕಾಣುತ್ತದೆ, ಫೋಟೊ ಬಹಳ ಚೆನ್ನಾಗಿದೆ. ಇನ್ನೊಂದು ಗಾಂಧಿನಗರದ ಹಳೇ ಮನೆ, ಕೆಳಗಿನ ಮನೆ, 10 ಸಾವಿರ. ಫೋಟೊದಲ್ಲಿ ಸ್ವಲ್ಪ ಕತ್ತಲೆ. ನನಗೆ ಮೊದಲನೆಯದೇ ಇಷ್ಟ. ಬ್ರೋಕರ್ ಇವತ್ತೇ 5 ಸಾವಿರ ಟೋಕನ್ ಹಾಕಿ, ಇಲ್ಲಾಂದ್ರೆ ಬೇರೆಯವರಿಗೆ ಹೋಗುತ್ತೆ ಅಂತಿದ್ದಾರೆ. ಹಾಕಲಾ?

ಗುಡ್ಡದ_ಕೆಳಗಿನವ

ಹಾಕಬೇಡಿ ಅಕ್ಕ.

ಬಾಲ್ಕನಿಯಿಂದ ಸೂರ್ಯ ಮುಳುಗುವುದು ಕಾಣುತ್ತೆ ಅಂದ್ರೆ ಮಧ್ಯಾಹ್ನ ಎರಡರಿಂದ ಸಂಜೆ ಆರರ ತನಕ ಆ ಸೂರ್ಯ ನಿಮ್ಮ ಮನೆಯಲ್ಲೇ ಕೂತಿರುತ್ತಾನೆ ಅಂತ ಅರ್ಥ. ಮೇಲೆ ಬೇರೆ ಮನೆ ಇಲ್ಲ, ಬರೀ ಸ್ಲ್ಯಾಬು. ಏಪ್ರಿಲ್, ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಸ್ಲ್ಯಾಬು ಮತ್ತು ಪಡುವಣ ಗೋಡೆ ಹಗಲೆಲ್ಲ ಕಾದು, ಆ ಕಾವನ್ನು ರಾತ್ರಿ ಒಳಗೆ ಬಿಡುತ್ತವೆ. ಅಂಥದ್ದೇ ಮನೆಯಲ್ಲಿ ನಾನು ಎರಡು ಬೇಸಿಗೆ ಕಳೆದಿದ್ದೇನೆ. ರಾತ್ರಿ ಹನ್ನೊಂದಕ್ಕೆ ಗೋಡೆ ಮುಟ್ಟಿದರೆ ಆಗಷ್ಟೇ ಒಲೆಯಿಂದ ಇಳಿಸಿದ ರೊಟ್ಟಿ ಹಂಚಿನ ಹಾಗೆ ಇರುತ್ತಿತ್ತು. ಫ್ಯಾನ್ ಹಾಕಿದರೆ ಮೇಲಿನ ಬಿಸಿಗಾಳಿ ಮೈಮೇಲೆ. ನಲ್ಲಿ ತಿರುಗಿಸಿದರೆ ಸಿಂಟೆಕ್ಸಿನ ಕುದಿ ನೀರು. ಮಧ್ಯಾಹ್ನದ ಸ್ನಾನಕ್ಕೆ ಬೆಳಿಗ್ಗೆಯೇ ಬಕೆಟ್ ತುಂಬಿ ಇಡುತ್ತಿದ್ದೆವು.

ಫೋಟೊದಲ್ಲಿ ಕತ್ತಲೆ ಕಂಡ ಮನೆಯನ್ನು ಮೊದಲು ಹೋಗಿ ನೋಡಿ. ಬಳ್ಳಾರಿಯಲ್ಲಿ ಕತ್ತಲೆ ಮನೆ ಎಂದರೆ ಎಷ್ಟೋ ಸಲ ತಂಪು ಮನೆ.

ತಾಳೂರು_ರಸ್ತೆ

ಮೇಲಿನ ಅಣ್ಣ ಹೇಳಿದ್ದು ಸರಿ. ಒಂದು ಮಾತು ಸೇರಿಸ್ತೀನಿ. ಮನೆ ನೋಡೋಕೆ ಬೆಳಿಗ್ಗೆ ಹತ್ತಕ್ಕೆ ಕರೀತಾರೆ, ಆಗ ಎಲ್ಲ ಮನೆಯೂ ಚೆನ್ನಾಗೇ ಇರುತ್ತೆ. ಮಧ್ಯಾಹ್ನ ಮೂರೂವರೆಗೆ ಹೋಗಿ. ಬೆಡ್‌ರೂಮಿನಲ್ಲಿ ಫ್ಯಾನ್ ಹಾಕದೆ ಹತ್ತು ನಿಮಿಷ ನಿಂತುಕೊಳ್ಳಿ. ಓನರ್ ಮಾತಾಡ್ತಾ ಮಾತಾಡ್ತಾ ಹಾಲ್‌ನಿಂದ ಹೊರಗೆ ಸರಿದರೆ ಅವರಿಗೂ ತಡೆಯೋಕೆ ಆಗ್ತಿಲ್ಲ ಅಂತ ತಿಳ್ಕೊಳ್ಳಿ.

ಆಮೇಲೆ ಲಿಫ್ಟ್. ಕರೆಂಟ್ ಹೋದರೆ ಜನರೇಟರ್ ಇದೆಯಾ, ಅದು ಲಿಫ್ಟ್ ಓಡಿಸುತ್ತಾ ಅಥವಾ ಬರೀ ಮೆಟ್ಟಿಲ ಲೈಟಿಗಾ ಕೇಳಿ. ಮಂಡಿ ನೋವಿನವರನ್ನು ನಾಲ್ಕನೇ ಮಹಡಿಗೆ ಲಿಫ್ಟ್ ನಂಬಿ ಕರೆದುಕೊಂಡು ಹೋಗೋದು ನನಗಂತೂ ಧೈರ್ಯ ಇಲ್ಲ.

ಮಲೆನಾಡ_ಸೊಸೆ

ಅಯ್ಯೋ, ಸೂರ್ಯಾಸ್ತದ ಫೋಟೊ ನೋಡಿ ಎಲ್ಲರಿಗೂ ಕಳಿಸಿಬಿಟ್ಟಿದ್ದೆ. ಎಸಿ ಹಾಕಿಸಿಕೊಂಡರೆ ಆಗಲ್ವಾ?

ಕ್ಯಾಂಟೋನ್ಮೆಂಟ್_ಮೇಷ್ಟ್ರು

ಆಗುತ್ತೆ ತಂಗಿ, ಆದರೆ ಲೆಕ್ಕ ನೋಡಿ. ಒಂದೂವರೆ ಟನ್ ಎಸಿ ಓಡುವಾಗ ಸುಮಾರು 1500 ವ್ಯಾಟ್ ಎಳೆಯುತ್ತದೆ. ದಿನಕ್ಕೆ ಎಂಟು ಗಂಟೆ ಹಾಕಿದರೆ, ನಡುನಡುವೆ ಕಂಪ್ರೆಸರ್ ನಿಂತರೂ ಎಂಟು ಹತ್ತು ಯೂನಿಟ್. ತಿಂಗಳಿಗೆ ಅದೇ 240ರಿಂದ 300 ಆಗುತ್ತದೆ. ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿಯ ಮಿತಿ 200 ಯೂನಿಟ್. ದಾಟಿದರೆ ದಾಟಿದಷ್ಟಕ್ಕೆ ಮಾತ್ರ ಅಲ್ಲ, ಪೂರ್ತಿ ಬಿಲ್ ನಿಮ್ಮದೇ.

ನಮ್ಮೂರಿನ ಬಿಸಿಲು ಒಣ ಬಿಸಿಲು. ಅದಕ್ಕೆ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. 150-200 ವ್ಯಾಟ್ ಸಾಕು, ಎಂಟು ಗಂಟೆಗೆ ಸುಮಾರು ಒಂದೂವರೆ ಯೂನಿಟ್. ಆದರೆ ಕೂಲರಿಗೆ ಕಿಟಕಿ ಬೇಕು. ಹೊರಗಿನ ಗಾಳಿ ಎಳೆದುಕೊಳ್ಳಲು ಒಂದು ಕಿಟಕಿ, ಒಳಗಿನ ಗಾಳಿ ಆಚೆ ಹೋಗಲು ಎದುರುಗಡೆ ಇನ್ನೊಂದು ಕಿಟಕಿ ಅಥವಾ ಬಾಗಿಲು. ಮುಚ್ಚಿದ ಕೋಣೆಯಲ್ಲಿ ಇಟ್ಟರೆ ಅರ್ಧ ಗಂಟೆಯಲ್ಲಿ ಮೈ ಅಂಟಂಟು, ಹಾಸಿಗೆ ತೇವ. ಹಾಗಾಗಿ ಬೆಡ್‌ರೂಮಿನ ಕಿಟಕಿ ಎಲ್ಲಿ ತೆರೆಯುತ್ತದೆ ನೋಡಿ. ಹೊಸ ಫ್ಲಾಟ್‌ಗಳಲ್ಲಿ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ, ಮಧ್ಯೆ ಮೂರು ಅಡಿ. ಅಲ್ಲಿ ಕೂಲರ್ ಎಳೆದುಕೊಳ್ಳೋದು ಪಕ್ಕದ ಮನೆಯ ಎಸಿ ಬಿಟ್ಟ ಬಿಸಿಗಾಳಿ!

ಮಲೆನಾಡ_ಸೊಸೆ

ಗೃಹಜ್ಯೋತಿ ಬಾಡಿಗೆಯವರಿಗೂ ಸಿಗುತ್ತಾ ಸರ್?

ಕ್ಯಾಂಟೋನ್ಮೆಂಟ್_ಮೇಷ್ಟ್ರು

ಸಿಗುತ್ತೆ. ಎರಡು ವಿಷಯ ಕೇಳಿಕೊಳ್ಳಿ.

ಒಂದು, ಆ ಮನೆಯ ಆರ್‌ಆರ್ ನಂಬರಿಗೆ (ಕರೆಂಟ್ ಬಿಲ್ ಮೇಲಿರುವ ಸಂಪರ್ಕದ ಸಂಖ್ಯೆ) ಹಿಂದಿನ ಬಾಡಿಗೆದಾರರ ಆಧಾರ್ ಜೋಡಣೆ ಹಾಗೇ ಇದೆಯಾ ಅಂತ. ಇದ್ದರೆ ಅದನ್ನು ತೆಗೆಸಿ ನಿಮ್ಮದು ಜೋಡಿಸಬೇಕು. ಊರಲ್ಲಿ ನಿಮ್ಮ ಆಧಾರ್ ಬೇರೆ ಮೀಟರಿಗೆ ಜೋಡಿಸಿದ್ದರೆ ಅದನ್ನೂ ತೆಗೆಸಿ. ಉಚಿತ ಯೂನಿಟ್ ಎಲ್ಲರಿಗೂ 200 ಅಂತಲ್ಲ. 2023ರಲ್ಲಿ ಯೋಜನೆ ಶುರುವಾದಾಗ ಅದರ ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇ 10 ಸೇರಿಸಿ ಲೆಕ್ಕ ಹಾಕಿದ್ದರು. ಹಿಂದೆ ಇದ್ದವರು ಕಡಿಮೆ ಉರಿಸಿದ್ದರೆ ಆ ಮೀಟರಿನ ಉಚಿತವೂ ಕಡಿಮೆ. ಜೆಸ್ಕಾಂನವರ ಹಳೇ ಕರೆಂಟ್ ಬಿಲ್ ಒಂದು ಕೇಳಿ ನೋಡಿದರೆ ಗೊತ್ತಾಗುತ್ತದೆ.

ಎರಡು, ನಿಮ್ಮ ಮನೆಗೆ ಬೇರೆ ಮೀಟರ್ ಇದೆಯಾ? ಮೂರು ಮನೆಗೆ ಒಂದೇ ಮೀಟರ್, ಒಳಗೆ ಸಬ್ ಮೀಟರ್ ಹಾಕಿರುವ ಕಟ್ಟಡಗಳು ಬಹಳ ಇವೆ. ಮೂವರದ್ದೂ ಸೇರಿ 200 ದಾಟಲು ಎರಡು ವಾರ ಸಾಕು. ನಮ್ಮ ಮಗಳು ಹೀಗೇ ಸಿಕ್ಕಿಹಾಕಿಕೊಂಡು ಒಂದು ವರ್ಷ ಪೂರ್ತಿ ಬಿಲ್ ಕಟ್ಟಿದಳು.

ನೆಹರೂಕಾಲೊನಿ_ಅಕ್ಕ

ಎಲ್ಲರೂ ಬಿಸಿಲಿನ ಮಾತೇ ಆಡ್ತಿದ್ದೀರಿ. ನೀರು ಯಾರಾದರೂ ಹೇಳಿದ್ರಾ?

ತಂಗಿ, ತೀರ್ಥಹಳ್ಳಿಯಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತೆ. ಇಲ್ಲಿ ನಲ್ಲಿ ನೀರು ಬರುವ ದಿನವೇ ಹಬ್ಬ. ನಮ್ಮ ಓಣಿಗೆ ಸಾಮಾನ್ಯವಾಗಿ ವಾರಕ್ಕೊಮ್ಮೆ ಬಿಡ್ತಾರೆ. ಬೇಸಿಗೆಯಲ್ಲಿ ಹನ್ನೆರಡು ದಿನ ಆಗಿದ್ದೂ ಉಂಟು. ತುಂಗಭದ್ರಾ ಕಾಲುವೆಯ ನೀರನ್ನು ಅಲ್ಲಿಪುರ, ಮೋಕಾ ಕೆರೆಗಳಲ್ಲಿ ತುಂಬಿಸಿಟ್ಟುಕೊಂಡು ಊರಿಗೆ ಕೊಡೋದು. ಬೇಸಿಗೆಯಲ್ಲಿ ಕಾಲುವೆ ನಿಂತ ಮೇಲೆ ಕೆರೆಯಲ್ಲಿ ಇದ್ದಷ್ಟೇ ನಮ್ಮದು. ಒಂದೊಂದು ಓಣಿಗೆ ಒಂದೊಂದು ದಿನ, ಒಂದೊಂದು ಹೊತ್ತು. ರಾತ್ರಿ ಎರಡಕ್ಕೆ ಬಿಟ್ಟರೆ ಎದ್ದು ಮೋಟಾರ್ ಹಾಕಬೇಕು. ನಿಮಗೆ ನೈಟ್ ಡ್ಯೂಟಿ, ಯಜಮಾನರಿಗೆ ನೈಟ್ ಶಿಫ್ಟ್. ಅವತ್ತು ಮೋಟಾರ್ ಹಾಕೋರು ಯಾರು, ಅತ್ತೆಯವರಾ?

ಓನರ್ ಹತ್ತಿರ ಕೇಳಬೇಡಿ. "ನೀರಿಗೆ ಏನೂ ತೊಂದರೆ ಇಲ್ಲ" ಅನ್ನೋದು ಅವರ ಬಾಯಿಪಾಠ. ಎದುರುಮನೆ ಕಟ್ಟೆ ಮೇಲೆ ಕೂತ ಹೆಂಗಸರನ್ನು ಕೇಳಿ. ಹೋದ ಸಲ ಯಾವತ್ತು ಬಿಟ್ಟಿದ್ದು, ಎಷ್ಟು ಹೊತ್ತು ಬಂತು, ಟ್ಯಾಂಕರ್ ಎಷ್ಟು ಸಲ ತರಿಸಿದ್ರಿ, ಈ ಮೂರೇ ಮಾತು. ಅವರು ಇದ್ದದ್ದು ಇದ್ದ ಹಾಗೆ ಹೇಳ್ತಾರೆ. ಹಳೇ ಬಾಡಿಗೆಯವರು ಯಾಕೆ ಬಿಟ್ಟು ಹೋದರು ಅನ್ನೋದನ್ನೂ ಕೇಳದೇನೇ ಹೇಳ್ತಾರೆ.

ಲೆಕ್ಕದ_ಇಂಜಿನಿಯರ್

ಅಕ್ಕ ಹೇಳಿದ್ದಕ್ಕೆ ಒಂದು ಲೆಕ್ಕ. ಪಟ್ಟಣದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಸರ್ಕಾರಿ ಮಾನದಂಡ. ಮೂರು ಜನಕ್ಕೆ 405. ಬೇಸಿಗೆಯಲ್ಲಿ ಕೂಲರ್ ನಮ್ಮ ಮನೆಯಲ್ಲಿ ದಿನಕ್ಕೆ 50 ಲೀಟರ್ ಕುಡಿಯುತ್ತದೆ. ಒಟ್ಟು 455. ಹತ್ತು ದಿನಕ್ಕೆ 4,550 ಲೀಟರ್ ಬೇಕು.

ಸಂಪಿನ ಮುಚ್ಚಳ ತೆಗೆಸಿ. ಉದ್ದ, ಅಗಲ, ಆಳ ಅಡಿಯಲ್ಲಿ ಗುಣಿಸಿ 28ರಿಂದ ಗುಣಿಸಿದರೆ ಲೀಟರ್ ಬರುತ್ತದೆ. ಆರಡಿ, ಐದಡಿ, ಆರಡಿ ಆಳದ ಸಂಪು ಅಂದ್ರೆ ಸುಮಾರು 5,000 ಲೀಟರ್. ನಿಮ್ಮೊಬ್ಬರಿಗೇ ಆದರೆ ಸಾಕು. ಮೂರು ಮನೆಗೆ ಅದೊಂದೇ ಆದರೆ ನಾಲ್ಕನೇ ದಿನಕ್ಕೆ ಜಗಳ. ನಲ್ಲಿ ನೀರು ಬರುವಾಗ ಮೂರು ಮನೆಯವರೂ ಮನೆಯಲ್ಲಿಲ್ಲದಿದ್ದರೆ ಯಾರಿಗೂ ನೀರಿಲ್ಲ, ಅದೂ ಇದೆ.

ಬೋರ್ ಇದೆ ಅಂದರೆ ಬಾತ್‌ರೂಮಿಗೆ ಹೋಗಿ ನಲ್ಲಿ ನೋಡಿ. ನಲ್ಲಿ ಬಾಯಲ್ಲಿ ಬಿಳಿ ಪೊರೆ, ಟೈಲ್ಸ್ ಮೇಲೆ ಸುಣ್ಣದಂಥ ಕಲೆ ಇದ್ದರೆ ಗಡಸು ನೀರು. ತೊಳೆಯೋಕೆ ಪರವಾಗಿಲ್ಲ, ಗೀಸರ್ ಬೇಗ ಹಾಳಾಗುತ್ತೆ, ಬೇಳೆ ಬೇಯಲ್ಲ. ನಮ್ಮ ಜಿಲ್ಲೆಯ ಎಷ್ಟೋ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯೋಕೆ ಬಳಸಬೇಡಿ. ಹತ್ತಿರದಲ್ಲಿ ಶುದ್ಧ ನೀರಿನ ಘಟಕ ಎಲ್ಲಿದೆ, 20 ಲೀಟರ್ ಕ್ಯಾನ್ ಮನೆಗೆ ತಂದು ಹಾಕುವ ಹುಡುಗ ಇದ್ದಾನಾ, ಅದೂ ವಿಚಾರಿಸಿ.

ರಾತ್ರಿಪಾಳಿ_ರಾಜ

ನಾನೂ ಜಿಂದಾಲ್‌ನವನೇ. ಕಂಪನಿ ಬಸ್ ನಿಲ್ಲುವ ಜಾಗ ಮೊದಲು ಕೇಳಿಕೊಂಡು, ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಮನೆ ನೋಡಿ. ತೋರಣಗಲ್ಲು ಇಲ್ಲಿಂದ ಹತ್ತಿರ ಹತ್ತಿರ 30 ಕಿಲೋಮೀಟರ್. ಬಸ್ ತಪ್ಪಿದರೆ ಬೆಳಗಿನ ಜಾವ ಬೈಕ್‌ನಲ್ಲಿ ಲಾರಿಗಳ ಮಧ್ಯೆ ಹೋಗಬೇಕು. ವಿಮ್ಸ್ ಇರೋದೂ ಕ್ಯಾಂಟೋನ್ಮೆಂಟ್ ಕಡೆ, ಹೊಸಪೇಟೆ ರಸ್ತೆಯೂ ಅದೇ ಕಡೆ. ಹಾಗಿರುವಾಗ ಸಿರುಗುಪ್ಪ ರಸ್ತೆ ನಿಮಗೆ ಯಾಕೆ? ಇಬ್ಬರೂ ದಿನಾ ಊರು ದಾಟಬೇಕು. ನಡುವೆ ರೈಲ್ವೆ ಲೈನ್ ಬೇರೆ. ಗೇಟ್ ಬಿತ್ತು ಅಂದ್ರೆ ಗೂಡ್ಸ್ ಗಾಡಿ ಮುಗಿಯೋ ತನಕ ನಿಲ್ಲಬೇಕು. ಜೋರು ಮಳೆ ಬಂದರೆ ಸತ್ಯನಾರಾಯಣ ಪೇಟೆ ಅಂಡರ್‌ಬ್ರಿಡ್ಜ್‌ನಲ್ಲಿ ನೀರು.

ಇನ್ನೊಂದು, ಯಾರೂ ಹೇಳಲ್ಲ. ರಾತ್ರಿ ಪಾಳಿ ಮಾಡಿದವನು ಹಗಲು ಮಲಗಬೇಕು. ಹಾಗಾಗಿ ಹಗಲಿನ ಗದ್ದಲ ನೋಡಿ. ನಾನು ಕೌಲ್ ಬಜಾರ್‌ನಲ್ಲಿ ಒಂದು ಮನೆ ಹಿಡಿದಿದ್ದೆ. ಒಳ್ಳೇ ಜನ, ಒಳ್ಳೇ ಮನೆ. ಆದರೆ ಗೋಡೆಯಾಚೆ ಜೀನ್ಸ್ ಹೊಲಿಯುವ ಮಷಿನ್‌ಗಳು, ಬೆಳಿಗ್ಗೆ ಒಂಬತ್ತಕ್ಕೆ ಶುರು. ಅವರ ಅನ್ನ ಅದು, ನಿಲ್ಲಿಸಿ ಅನ್ನೋಕೆ ಆಗುತ್ತಾ? ಮೂರು ತಿಂಗಳಲ್ಲಿ ನಾನೇ ಖಾಲಿ ಮಾಡಿದೆ.

ಮನೆ_ಓನರ್_ಒಬ್ಬ

ಬರೀ ಓನರ್‌ಗಳನ್ನು ಬೈತಿದ್ದೀರಿ, ಸ್ವಲ್ಪ ನಮ್ಮ ಕಥೆಯೂ ಕೇಳಿ. ನನ್ನ ಮಹಡಿ ಮನೆಯವರು ಮೂರು ತಿಂಗಳ ಕರೆಂಟ್ ಬಿಲ್, ನೀರಿನ ಬಿಲ್ ಬಾಕಿ ಇಟ್ಟು ರಾತ್ರೋರಾತ್ರಿ ಹೋದರು. ಗೋಡೆ ತುಂಬ ಮೊಳೆ. ಅದಕ್ಕೇ ಅಡ್ವಾನ್ಸ್ ತಗೊಳ್ಳೋದು, ಆಧಾರ್ ಪ್ರತಿ ಕೇಳೋದು. ಖಾಲಿ ಮಾಡುವಾಗ ಪೇಂಟಿಗೆ ಒಂದು ತಿಂಗಳ ಬಾಡಿಗೆ ಹಿಡಿಯೋದೂ ಪದ್ಧತಿ. ಒಪ್ಪದಿದ್ದರೆ ಬರುವಾಗಲೇ ಹೇಳಿ.

ತಾಳೂರು_ರಸ್ತೆ

ಹಿಡಿಯಿರಿ ಸರ್, ಆದರೆ ಅದನ್ನು ಅಗ್ರಿಮೆಂಟ್‌ನಲ್ಲಿ ಬರೆಯಿರಿ. ನನ್ನ ಹಳೇ ಓನರ್ ಒಂದು ತಿಂಗಳು ಅಂತ ಬಾಯಲ್ಲಿ ಹೇಳಿ, ಕೊನೆಗೆ ಎರಡು ತಿಂಗಳದ್ದು ಮುರಿದುಕೊಂಡರು. ನಾವು ಆ ಮನೆಗೆ ಬಂದಾಗಲೇ ಗೋಡೆ ಪಾಚಿ ಕಟ್ಟಿತ್ತು. ಫೋಟೊ ತೆಗೆದಿಟ್ಟಿರಲಿಲ್ಲ, ಏನು ವಾದ ಮಾಡಲಿ?

ಕೇಂದ್ರ 2021ರಲ್ಲಿ ಮಾಡಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಬೇಡ ಅಂತ ಇದೆ. ಆದರೆ ಅದು ಹೆಸರಿಗೆ ತಕ್ಕ ಹಾಗೆ ಮಾದರಿ, ರಾಜ್ಯ ತನ್ನದಾಗಿ ಮಾಡಿಕೊಂಡರೆ ಮಾತ್ರ ಜಾರಿ. ಸದ್ಯಕ್ಕೆ ಬಾಯಿ ಬಲ ಇದ್ದವರು ಇಳಿಸಿಕೊಳ್ತಾರೆ. ನನಗೆ 60 ಸಾವಿರ ಕೇಳಿ 40ಕ್ಕೆ ಒಪ್ಪಿದರು. ಅಡ್ವಾನ್ಸ್ ಕೈಗೆ ಕೊಡಬೇಡಿ, ಓನರ್ ಖಾತೆಗೆ ಹಾಕಿ. ಬ್ರೋಕರ್ ಖಾತೆಗೆ ಅಲ್ಲ.

ಮಲೆನಾಡ_ಸೊಸೆ

ಅಗ್ರಿಮೆಂಟ್ 11 ತಿಂಗಳಿಗೇ ಯಾಕೆ ಮಾಡ್ತಾರೆ? ಆಮೇಲೆ ಎಬ್ಬಿಸಿಬಿಡ್ತಾರಾ?

ಕ್ಯಾಂಟೋನ್ಮೆಂಟ್_ಮೇಷ್ಟ್ರು

1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆ ಓಡಾಟ, ಖರ್ಚು ತಪ್ಪಲಿ ಅಂತ 11 ತಿಂಗಳು. ಮುಗಿದ ಮೇಲೆ ಮತ್ತೆ ಹೊಸದು ಬರೆಸುತ್ತಾರೆ, ಬಾಡಿಗೆ ಸ್ವಲ್ಪ ಏರಿಸುತ್ತಾರೆ. ಎಷ್ಟು ಏರಿಸುತ್ತೀರಿ ಅಂತ ಈಗಲೇ ಬರೆಸಿ. ಖಾಲಿ ಮಾಡಲು ಎಷ್ಟು ದಿನ ಮೊದಲು ಹೇಳಬೇಕು, ಅದೂ ಇಬ್ಬರಿಗೂ ಒಂದೇ ಇರಲಿ. ನಿಮ್ಮ ಯಜಮಾನರು ಸಂಬಳದಲ್ಲಿ ಮನೆ ಬಾಡಿಗೆ ಭತ್ಯೆಗೆ ತೆರಿಗೆ ವಿನಾಯಿತಿ ಪಡೆಯುವುದಾದರೆ, ವರ್ಷಕ್ಕೆ ಒಂದು ಲಕ್ಷ ದಾಟಿದ ಬಾಡಿಗೆಗೆ ಓನರ್‌ನ ಪ್ಯಾನ್ ನಂಬರ್ ಕೊಡಬೇಕು. 10 ಸಾವಿರ ಆದರೂ ವರ್ಷಕ್ಕೆ 1.2 ಲಕ್ಷ ಆಯಿತು. ಕೆಲವು ಓನರ್‌ಗಳು ಪ್ಯಾನ್ ಅಂದ ಕೂಡಲೇ ಮುಖ ತಿರುಗಿಸುತ್ತಾರೆ. ಮೊದಲೇ ಕೇಳಿ.

ಹೊಸಬ_ಹೊಸಮನೆ

ಮಧ್ಯೆ ಬಂದೆ. ನನಗೆ ಒಬ್ಬರು 6 ಲಕ್ಷಕ್ಕೆ ಮೂರು ವರ್ಷ ಲೀಸ್ ಕೊಡ್ತೀನಿ, ಬಾಡಿಗೆ ಇಲ್ಲ ಅಂತಿದ್ದಾರೆ. ಅದು ಲಾಭ ಅಲ್ವಾ?

ಲೆಕ್ಕದ_ಇಂಜಿನಿಯರ್

ಲಾಭವೇ, ದುಡ್ಡು ವಾಪಸ್ ಬಂದರೆ. ನನ್ನ ಭಾವಮೈದುನ ಹೀಗೇ ಭೋಗ್ಯಕ್ಕೆ ಹೋದ. ಎರಡನೇ ವರ್ಷ ಬ್ಯಾಂಕಿನವರು ಬಾಗಿಲಿಗೆ ನೋಟಿಸ್ ಅಂಟಿಸಿದರು. ಓನರ್ ಮನೆ ಮೇಲೆ ಸಾಲ ತೆಗೆದು ಕಟ್ಟಿರಲಿಲ್ಲ. ಮೊದಲು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಇಸಿ (ಋಣಭಾರ ಪತ್ರ) ತೆಗೆಸಿ ಸಾಲ ಇದೆಯಾ ನೋಡಿ. ಕರಾರನ್ನು ನೋಂದಾಯಿಸಿ. ನೋಂದಣಿ ಬೇಡ, ಬಾಂಡ್ ಪೇಪರ್ ಸಾಕು ಅಂದರೆ ಆ ಮನೆ ಬಿಟ್ಟುಬಿಡಿ. ಹೆಚ್ಚು ಕೇಳಬೇಕಿದ್ದರೆ ಬೇರೆ ಚರ್ಚೆ ಶುರು ಮಾಡಿ ತಮ್ಮ, ಇದು ಅಕ್ಕನ ಮನೆ ವಿಷಯ.

ಚಾರ್‌ಮಿನಾರ್_ಚಹಾ

ನನ್ನದೂ ಒಂದು ಅನುಭವ. ನಾನು ಬ್ಯಾಂಕ್ ಉದ್ಯೋಗಿ, ವರ್ಗವಾಗಿ ಬಂದವನು. ಫೋನ್‌ನಲ್ಲಿ ಎಲ್ಲ ಮಾತಾಡಿ, ಬಾಡಿಗೆ ಒಪ್ಪಿ, ಕೊನೆಗೆ ಹೆಸರು ಹೇಳಿದ ಮೇಲೆ "ನಮ್ಮ ಅಳಿಯ ಬರ್ತಾನಂತೆ, ಮನೆ ಕೊಡಲ್ಲ" ಅಂದರು. ಮೂರು ಮನೆಯಲ್ಲಿ ಮೂರು ಅಳಿಯಂದಿರು ಬಂದರು. ಈಗ ನಾನು ಮೊದಲ ಮಾತಿಗೇ ಹೆಸರು ಹೇಳಿಬಿಡ್ತೀನಿ. ಪೆಟ್ರೋಲ್ ಉಳಿಯುತ್ತೆ. ನಾಲ್ಕನೇ ಮನೆಯ ಅಜ್ಜಿ ಮಾತ್ರ ಕೇಳಿದ್ದು ಒಂದೇ: "ನೀರು ಬಂದಾಗ ಮೋಟಾರ್ ಹಾಕ್ತೀಯೇನಪ್ಪಾ?" ಅಲ್ಲೇ ಐದು ವರ್ಷದಿಂದ ಇದ್ದೇನೆ.

ಅಕ್ಕ, ನೀವು ಮೀನು ತಿನ್ನೋರಾದರೆ ಅದನ್ನೂ ಮೊದಲೇ ಹೇಳಿಬಿಡಿ.

ನೆಹರೂಕಾಲೊನಿ_ಅಕ್ಕ

ಅಜ್ಜಿಗೆ ನನ್ನ ನಮಸ್ಕಾರ ಹೇಳಪ್ಪ.

ತಂಗಿ, ಮಾಳಿಗೆ ಮೇಲೆ ಹೋಗೋಕೆ ಬಿಡ್ತಾರಾ ಅಂತಲೂ ಕೇಳಿ. ಕೆಲವರು ಬೀಗ ಹಾಕಿಬಿಡ್ತಾರೆ. ಬಟ್ಟೆ, ಸಂಡಿಗೆ, ಮೆಣಸಿನಕಾಯಿ ಒಣಗಿಸೋಕೆ ಬೇಕು. ಮೇ ತಿಂಗಳಲ್ಲಿ ಕರೆಂಟ್ ಹೋದ ರಾತ್ರಿ ಚಾಪೆ ತಗೊಂಡು ಮೇಲೆ ಹೋಗದಿದ್ದರೆ ನಿದ್ದೆಯೇ ಇಲ್ಲ.

ಮಲೆನಾಡ_ಸೊಸೆ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಟೋಕನ್ ಹಾಕಲಿಲ್ಲ. ಶನಿವಾರ ಯಜಮಾನರು, ಅತ್ತೆ ಜೊತೆ ಬಂದು ಐದು ಮನೆ ನೋಡಿದೆ.

ಅಪಾರ್ಟ್‌ಮೆಂಟ್‌ಗೆ ಬೇಕಂತಲೇ ಮೂರೂವರೆಗೆ ಹೋದೆವು. ಬಾಲ್ಕನಿ ಬಾಗಿಲ ಚಿಲಕ ಮುಟ್ಟಿ ಕೈ ಸುಟ್ಟುಕೊಂಡೆ. ಅಷ್ಟೇ, ಮಾತೇ ಬೇಡ. ಗಾಂಧಿನಗರದ ಮನೆ ನಿಜಕ್ಕೂ ತಂಪಾಗಿತ್ತು, ನೆಲಕ್ಕೆ ಕಡಪ ಬಂಡೆ. ಆದರೆ ಮೂರು ಮನೆಗೆ ಒಂದೇ ಮೀಟರ್, ಒಂದೇ ಸಂಪು. ಮೇಷ್ಟ್ರ ಮಾತು ನೆನಪಾಯಿತು, ಬಿಟ್ಟೆವು. ಬೇಜಾರಾಯಿತು, ಮನೆ ಇಷ್ಟವಾಗಿತ್ತು.

ಕೊನೆಗೆ ಕ್ಯಾಂಟೋನ್ಮೆಂಟ್ ಕಡೆ ಒಂದು ಕೆಳಮನೆ ಸಿಕ್ಕಿತು. ಬ್ರೋಕರ್ ತೋರಿಸಿದ್ದಲ್ಲ. ಚಹಾ ಕುಡಿಯಲು ನಿಂತಾಗ ಗೇಟಿಗೆ ನೇತುಹಾಕಿದ ಟು ಲೆಟ್ ಬೋರ್ಡ್ ಕಂಡಿತು. ಮೇಲಿನ ಮನೆಯಲ್ಲಿ ಓನರ್ ಅಮ್ಮನವರೇ ಇದ್ದಾರೆ. ಬೆಡ್‌ರೂಮ್ ಮೂಡಣಕ್ಕೆ, ಪಡುವಣಕ್ಕೆ ಒಂದು ಬೇವಿನ ಮರ. ಬೇರೆ ಮೀಟರ್. ಸಂಪು ಯಜಮಾನರು ಟೇಪ್ ಹಿಡಿದು ಅಳೆದರು, ಅಮ್ಮನವರು ನಕ್ಕರು. 4,200 ಲೀಟರ್. ಎರಡು ಮನೆಗೆ ಸ್ವಲ್ಪ ಕಡಿಮೆಯೇ. ಆದರೆ ಬೋರ್ ಇದೆ, ನೀರು ಬಿಟ್ಟಾಗ ಮೋಟಾರ್ ಅವರೇ ಹಾಕ್ತಾರೆ. ಎದುರುಮನೆಯವರು ಹೋದ ಬೇಸಿಗೆಯಲ್ಲಿ ಎರಡು ಟ್ಯಾಂಕರ್ ತರಿಸಿದ್ದೆವು ಅಂದರು. ಬಾಡಿಗೆ 11 ಸಾವಿರ, ಅಡ್ವಾನ್ಸ್ 50 ಸಾವಿರ. ಮೀನಿನ ವಿಷಯ ಮೊದಲೇ ಹೇಳಿದೆ. "ಮಾಡಿಕೊಳ್ಳಿ, ಮುಳ್ಳು ಮಾತ್ರ ಬೆಕ್ಕಿಗೆ ಅಂತ ಅಂಗಳದಲ್ಲಿ ಹಾಕಬೇಡಿ" ಅಂದರು. ಅತ್ತೆಗೆ ಬಾಗಿಲಿನ ದಿಕ್ಕು ಹಿಡಿಸಿಲ್ಲ, ವಾಸ್ತು ಪ್ರಕಾರ ಇಲ್ಲವಂತೆ. ಬೇವಿನ ಮರದ ಕೆಳಗೆ ಕುರ್ಚಿ ಹಾಕಿ ಕೂರಿಸಿದ ಮೇಲೆ ಸುಮ್ಮನಾದರು.

ವಾಪಸ್ ಹೋಗುವಾಗ ಮಂಡಾಳು ಒಗ್ಗರಣೆ, ಮಿರ್ಚಿ ತಿಂದೆವು. ಕಣ್ಣಲ್ಲಿ ನೀರು ಬಂತು, ಇನ್ನೊಂದು ಪ್ಲೇಟ್ ತಗೊಂಡೆವು.

ಒಂದು ಕೊನೇ ಪ್ರಶ್ನೆ. ಹಳೇ ಕೂಲರ್ ಒಂದು ಇದೆ, ಬೇಕಾದರೆ ಬಳಸಿಕೊಳ್ಳಿ ಅಂದಿದ್ದಾರೆ. ತಗಡಿನದು, ಒಳಗಿನ ಹುಲ್ಲೆಲ್ಲ ಕಪ್ಪಾಗಿದೆ. ಬಳಸಬಹುದಾ?

ಗುಡ್ಡದ_ಕೆಳಗಿನವ

ಬಳಸಿ ಅಕ್ಕ, ತಗಡಿನದೇ ಗಟ್ಟಿ. ಹುಲ್ಲು ಮಾತ್ರ ಪೂರ್ತಿ ಬದಲಾಯಿಸಿ, ಹಳೇ ಹುಲ್ಲು ವಾಸನೆ ಬರುತ್ತೆ. ಫೆಬ್ರವರಿಯಲ್ಲೇ ತಂದಿಟ್ಟುಕೊಳ್ಳಿ. ಏಪ್ರಿಲ್‌ನಲ್ಲಿ ಕೇಳಿದರೆ ಅದೇ ಹುಲ್ಲಿಗೆ ಎರಡರಷ್ಟು ಹೇಳ್ತಾರೆ. ಒಳಗಿನ ಪಂಪ್ ಓಡುತ್ತಾ ಇವತ್ತೇ ನೋಡಿಸಿ. ತಗಡಿನ ಕೂಲರಿನಲ್ಲಿ ಶಾಕ್ ಹೊಡೆಯೋದು ಜಾಸ್ತಿ, ಹಾಗಾಗಿ ಎಲೆಕ್ಟ್ರಿಷಿಯನ್ ಕೈಯಲ್ಲಿ ಅರ್ಥಿಂಗ್ ಪರೀಕ್ಷೆ ಮಾಡಿಸಿದ ಮೇಲೇ ನೀರು ತುಂಬಿಸಿ.